ಶೂರರಿಗೆ ಹಾರ, ಸುಧಾರಣೆಗೆ ಬರ

ನಮ್ಮ ಸಂಘ ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ವೇದಿಕೆಯ ಮೇಲೆ ಒಬ್ಬ ಪೋಲೀಸ್ ಅಧಿಕಾರಿ ಇರಬೇಕು. ಕನ್ನಡಿಗರಾದರೆ ಮತ್ತೂ ಒಳ್ಳೆಯದು, ಅಲ್ಲದಿದ್ದರೂ ಅಡ್ಡಿಯಿಲ್ಲ. ಅವರಿಗೆ ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ. ಇಂಥ ಹತ್ತು ಜನ ಅಧಿಕಾರಿಗಳಿದ್ದರೆ ದೇಶ ಉದ್ಧಾರವಾದೀತೆಂದು ಸ್ವಾಗತ ಭಾಷಣದಲ್ಲಿ ಹೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಮರುದಿನ ನಮ್ಮದೇ ಮನೆಯಲ್ಲಿ ಕಳವಾದರೆ ಠಾಣೆಯ ಮೆಟ್ಟಿಲು ಹತ್ತಲು ಅಂಜಿ, ‘ಅಲ್ಲಿ ಯಾರಾದರೂ ಪರಿಚಯದವರಿದ್ದಾರೆಯೇ?’ ಎಂದು ಹತ್ತು ಜನರನ್ನು ಕೇಳುತ್ತೇವೆ.

ಈ ಚಪ್ಪಾಳೆಗೂ ಈ ಅಂಜಿಕೆಗೂ ಸಂಬಂಧವಿದೆಯೆಂಬುದು ನಮ್ಮ ವಾದ. ಒಳ್ಳೆಯ ಅಧಿಕಾರಿಯನ್ನು ದೇವರಂತೆ ಪೂಜಿಸುವ ಸಮಾಜ, ಸಾಧಾರಣ ಅಧಿಕಾರಿಯೂ ನ್ಯಾಯವಾಗಿ ನಡೆದುಕೊಳ್ಳುವಂಥ ವ್ಯವಸ್ಥೆಯನ್ನು ಕೇಳುವುದಿಲ್ಲ. ಕೇಳದವನಿಗೆ ಸಿಕ್ಕುವುದೂ ಇಲ್ಲ.

ಇದು ನಮ್ಮ ಸ್ವಂತ ಬುದ್ಧಿಗೆ ಹೊಳೆದ ಮಾತಲ್ಲ. ಮೂರೂವರೆ ದಶಕಗಳ ಕಾಲ ಖಾಕಿ ತೊಟ್ಟು, ಪೋಲೀಸ್ ಇಲಾಖೆಯ ಅತ್ಯುನ್ನತ ಪೀಠಗಳಲ್ಲಿ ಕುಳಿತು ಬಂದ ಒಬ್ಬರ ಬಾಳಿನಿಂದ ನಾವು ಕಲಿತ ಪಾಠ. ಅವರ ಹೆಸರು ಪ್ರಕಾಶ್ ಸಿಂಗ್. ನಮ್ಮ ವಾಚಕರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ? ಸಾಂಗ್ಲಿಯಾನರ ಹೆಸರು ಕೇಳದ ಕನ್ನಡಿಗನಿಲ್ಲ. 1988ರಲ್ಲಿ ಶಂಕರ್‌ನಾಗ್ ಆ ಹೆಸರಿನ ಚಿತ್ರದಲ್ಲಿ ಖಾಕಿ ತೊಟ್ಟು ನಿಂತಾಗ ನಾವೂ ಶಿಳ್ಳೆ ಹೊಡೆದವರೇ. ಅದರಲ್ಲಿ ತಪ್ಪಿಲ್ಲ. ಆದರೆ ಚಿತ್ರಮಂದಿರದಲ್ಲಿ ಮೂರು ಗಂಟೆಯಲ್ಲಿ ಮುಗಿಯುವ ನ್ಯಾಯಕ್ಕೆ ಶಿಳ್ಳೆ ಹೊಡೆದ ನಾವು, ನಿಜವಾದ ನ್ಯಾಯಕ್ಕಾಗಿ ಮೂವತ್ತು ವರ್ಷ ಕಾದವರನ್ನು ತಿರುಗಿಯೂ ನೋಡಲಿಲ್ಲವಲ್ಲ, ಅದು ತಪ್ಪು.

ಪ್ರಕಾಶ್ ಸಿಂಗ್ 1959ರ ತಂಡದ ಐ.ಪಿ.ಎಸ್. ಅಧಿಕಾರಿ, ಉತ್ತರ ಪ್ರದೇಶ ಶ್ರೇಣಿಗೆ ಸೇರಿದವರು. ಅಸ್ಸಾಮಿನ ಪೋಲೀಸ್ ಮುಖ್ಯಸ್ಥರಾಗಿದ್ದರು, ಉತ್ತರ ಪ್ರದೇಶದ ಪೋಲೀಸ್ ಮುಖ್ಯಸ್ಥರಾಗಿದ್ದರು, 1993-94ರಲ್ಲಿ ಗಡಿ ಭದ್ರತಾ ಪಡೆಯ ಮಹಾನಿರ್ದೇಶಕರಾಗಿದ್ದರು. 1991ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಇಷ್ಟೇ ಆಗಿದ್ದರೆ ಸನ್ಮಾನಪತ್ರಕ್ಕೆ ಸಾಕಾಗುತ್ತಿತ್ತು. ಆದರೆ ಈ ಮನುಷ್ಯ ಓದಿದವರು, ಬರೆದವರು. ನಾಗಾಲ್ಯಾಂಡಿನ ಕುರಿತು ಅವರು ಬರೆದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1972ರಲ್ಲಿಯೇ ಪ್ರಕಟಿಸಿತು. ನಕ್ಸಲೀಯ ಚಳವಳಿಯ ಮೇಲಿನ ಗ್ರಂಥ 1995ರಲ್ಲಿ ಬಂದಿತು. ಕೊಹಿಮಾದಿಂದ ಕಾಶ್ಮೀರದವರೆಗಿನ ಭಯೋತ್ಪಾದನೆಯ ಜಾಡನ್ನು ಕುರಿತದ್ದು 2001ರಲ್ಲಿ. ಬಂದೂಕು ಹಿಡಿದವನು ಗುಂಡಿನ ಲೆಕ್ಕ ಇಡುತ್ತಾನೆ. ಪಂಡಿತನಾದವನು ಗುಂಡು ಹಾರಿದ್ದೇಕೆ ಎಂದು ಕೇಳುತ್ತಾನೆ. ಇವರು ಎರಡನ್ನೂ ಮಾಡಿದರು.

ಇಂಥವರು ನಿವೃತ್ತರಾದ ಮೇಲೆ ಏನು ಮಾಡಬಹುದಿತ್ತು? ರಾಜ್ಯಪಾಲರ ಬಂಗಲೆಗೆ ಪ್ರಯತ್ನಿಸಬಹುದಿತ್ತು, ಚುನಾವಣೆಯ ಟಿಕೇಟು ಬೇಡಬಹುದಿತ್ತು. ಅವರು ಮಾಡಿದ್ದು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದು ರಿಟ್ ಅರ್ಜಿ. ಜತೆಗೆ ಇನ್ನೊಬ್ಬ ನಿವೃತ್ತ ಪೋಲೀಸ್ ಅಧಿಕಾರಿ ಎನ್. ಕೆ. ಸಿಂಗ್, ಮತ್ತು ‘ಕಾಮನ್ ಕಾಸ್’ ಎಂಬ ಸಂಸ್ಥೆ. ಅರ್ಜಿಯ ಸಾರಾಂಶ ಇಷ್ಟೇ: ಈ ದೇಶದ ಪೋಲೀಸ್ ಪಡೆ 1857ರ ದಂಗೆಯ ತರುವಾಯ ಆಂಗ್ಲರು ಮಾಡಿದ 1861ರ ಕಾಯಿದೆಯ ಅಚ್ಚಿನಲ್ಲಿ ಎರಕಹೊಯ್ದದ್ದು. ಅದು ಪ್ರಜೆಗಳ ಸೇವೆಗೆ ಹುಟ್ಟಿದ್ದಲ್ಲ, ಪ್ರಭುಗಳ ರಕ್ಷಣೆಗೆ ಹುಟ್ಟಿದ್ದು. ಪ್ರಭುಗಳು ಬದಲಾದರು, ಕಟ್ಟುಪಾಡು ಬದಲಾಗಲಿಲ್ಲ. ಅದನ್ನು ಬದಲಿಸಿರಿ.

ಓದುಗ ಬಂಧುಗಳು ಒಂದು ಕ್ಷಣ ಇಲ್ಲಿ ನಿಲ್ಲಬೇಕು. ಎರಡು ರಾಜ್ಯಗಳ ಪೋಲೀಸ್ ಪಡೆಗಳನ್ನು ಆಳಿದವರು, ಲಕ್ಷಾಂತರ ಪೇದೆಗಳಿಂದ ಸಲಾಮು ಹೊಡೆಸಿಕೊಂಡವರು, ಕೊನೆಗೆ ಸಾಮಾನ್ಯ ಫಿರ್ಯಾದುದಾರನಂತೆ ನ್ಯಾಯಾಲಯದ ಬಾಗಿಲಲ್ಲಿ ನಿಂತರು. ‘ಅಧಿಕಾರದಲ್ಲಿದ್ದಾಗಲೇ ಸರಿಪಡಿಸಬಹುದಿತ್ತಲ್ಲ’ ಎಂದು ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ಅವರಿಗೆ ನಮ್ಮ ಉತ್ತರ: ಅದೇ ಅಲ್ಲವೇ ಸಾಕ್ಷಿ? ಒಂದು ರಾಜ್ಯದ ಪೋಲೀಸ್ ಮುಖ್ಯಸ್ಥನಿಗೆ ಕೂಡ ತನ್ನ ಠಾಣೆಗಳನ್ನು ಸರಿಪಡಿಸುವ ಶಕ್ತಿಯಿಲ್ಲ. ಇಂದು ಕುರ್ಚಿಯಲ್ಲಿದ್ದವನು ನಾಳೆ ಒಂದು ತಂತಿಗೆ ವರ್ಗವಾಗಬಹುದು ಎಂದಾದರೆ ಅವನು ಕಾಯಿದೆಯ ಮುಖ ನೋಡುತ್ತಾನೆಯೋ, ಮಂತ್ರಿಯ ಮುಖ ನೋಡುತ್ತಾನೆಯೋ? ಹತ್ತು ಜನ ಒಳ್ಳೆಯ ಅಧಿಕಾರಿಗಳಿದ್ದರೆ ಸಾಲದು, ನೂರು ಜನ ಇದ್ದರೂ ಸಾಲದು. ಈ ಮಾತನ್ನು ಒಳ್ಳೆಯ ಅಧಿಕಾರಿಯೇ ಬಂದು ಹೇಳಿದಾಗಲಾದರೂ ನಾವು ನಂಬಬೇಡವೇ?

ಅರ್ಜಿ ಹತ್ತು ವರ್ಷ ನಡೆಯಿತು. 2006ರ ಸೆಪ್ಟೆಂಬರ್ 22ರಂದು ಮುಖ್ಯ ನ್ಯಾಯಮೂರ್ತಿ ವೈ. ಕೆ. ಸಭರ್ವಾಲರ ಪೀಠ ತೀರ್ಪು ಕೊಟ್ಟಿತು. ಅದರಲ್ಲಿ ಏಳು ಆದೇಶಗಳಿದ್ದವು. ಪ್ರತಿ ರಾಜ್ಯದಲ್ಲಿ ಒಂದು ರಾಜ್ಯ ಭದ್ರತಾ ಆಯೋಗವಿರಬೇಕು. ಸರಕಾರ ಪೋಲೀಸರ ಮೇಲೆ ಅನುಚಿತ ಒತ್ತಡ ತರದಂತೆ ಅದು ಕಾಯಬೇಕು. ಅದರ ಶಿಫಾರಸು ಸರಕಾರಕ್ಕೆ ಬಂಧನಕಾರಿ. ಪೋಲೀಸ್ ಮಹಾನಿರ್ದೇಶಕರನ್ನು ಕೇಂದ್ರ ಲೋಕಸೇವಾ ಆಯೋಗ ಆರಿಸಿದ ಮೂವರು ಹಿರಿಯರಿಂದಲೇ ನೇಮಿಸಬೇಕು. ಅವರಿಗೆ ಕನಿಷ್ಠ ಎರಡು ವರ್ಷದ ಅವಧಿ. ಜಿಲ್ಲಾ ಪೋಲೀಸ್ ವರಿಷ್ಠರಿಗೂ ಠಾಣೆಯ ಅಧಿಕಾರಿಗೂ ಅದೇ ಎರಡು ವರ್ಷ. ಅಪರಾಧದ ತನಿಖೆ ಮಾಡುವವರು ಬೇರೆ, ಬಂದೋಬಸ್ತು ನೋಡುವವರು ಬೇರೆ; ಹತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ಪಟ್ಟಣಗಳಿಂದ ಇದು ಆರಂಭವಾಗಬೇಕು. ಕೆಳಗಿನ ಅಧಿಕಾರಿಗಳ ವರ್ಗಾವಣೆಯನ್ನು ಇಲಾಖೆಯ ಹಿರಿಯರ ಮಂಡಳಿ ತೀರ್ಮಾನಿಸಬೇಕು. ಪೋಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರವಿರಬೇಕು; ಅದಕ್ಕೆ ನಿವೃತ್ತ ನ್ಯಾಯಾಧೀಶರ ಮುಂದಾಳುತನ. ಏಳನೆಯದು ಕೇಂದ್ರದ ಪಡೆಗಳಿಗೆ ಸಂಬಂಧಿಸಿದ ರಾಷ್ಟ್ರೀಯ ಆಯೋಗ.

ಇದನ್ನೆಲ್ಲ 2006ರ ಡಿಸೆಂಬರ್ 31ರೊಳಗೆ ಜಾರಿಗೆ ತರಬೇಕೆಂದು ಕೋರ್ಟು ಹೇಳಿತು. ಆ ವರ್ಷ ಹುಟ್ಟಿದ ಮಗು ಈಗ ಮತದಾನದ ವಯಸ್ಸು ದಾಟಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಆದೇಶ ಪಾಲನೆ ಹೇಗಿದೆಯೆಂದು ನೋಡಲು ಕೋರ್ಟು 2008ರಲ್ಲಿ ನ್ಯಾಯಮೂರ್ತಿ ಕೆ. ಟಿ. ಥಾಮಸ್ ಅವರ ಸಮಿತಿಯನ್ನು ನೇಮಿಸಿತು. 2010ರಲ್ಲಿ ವರದಿ ಕೊಟ್ಟ ಆ ಸಮಿತಿ ರಾಜ್ಯಗಳ ಉದಾಸೀನಕ್ಕೆ ವಿಷಾದ ಪಡಬೇಕಾಯಿತು. 2013ರಲ್ಲಿ, ದೆಹಲಿಯ ಆ ಘೋರ ಅತ್ಯಾಚಾರದ ತರುವಾಯ, ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯೂ ಈ ಏಳು ಆದೇಶಗಳನ್ನು ಪಾಲಿಸಿರೆಂದು ಮತ್ತೆ ಹೇಳಿತು. ಎರಡು ವರ್ಷದ ಅವಧಿ ಕೊಡಬೇಕಾಗುತ್ತದೆಂದು ಕೆಲವು ಸರಕಾರಗಳು ಖಾಯಂ ಮುಖ್ಯಸ್ಥರನ್ನೇ ನೇಮಿಸದೆ ‘ಹಂಗಾಮಿ’ಗಳನ್ನು ಕೂರಿಸತೊಡಗಿದವು. ಅದನ್ನು ನಿಷೇಧಿಸಲು ಕೋರ್ಟು 2018ರ ಜುಲೈನಲ್ಲಿ ಇನ್ನೊಂದು ಆದೇಶ ಕೊಡಬೇಕಾಯಿತು.

ನಾವು ಬಾಳುತ್ತಿರುವ ಮಹಾರಾಷ್ಟ್ರವನ್ನೇ ನೋಡಿ. 2014ರಲ್ಲಿ ಇಲ್ಲಿ ಪೋಲೀಸ್ ಕಾಯಿದೆಗೆ ತಿದ್ದುಪಡಿಯಾಯಿತು. ಭದ್ರತಾ ಆಯೋಗ ಬಂದಿತು, ಆದರೆ ಅದರ ಮಾತು ಬರಿಯ ಸಲಹೆ. ಎರಡು ವರ್ಷದ ಅವಧಿ ಬಂದಿತು, ಆದರೆ ‘ಅಪವಾದಾತ್ಮಕ ಸಂದರ್ಭದಲ್ಲಿ, ಸಾರ್ವಜನಿಕ ಹಿತದೃಷ್ಟಿಯಿಂದ’ ನಡುವೆಯೇ ಎತ್ತಂಗಡಿ ಮಾಡಬಹುದು. ಯಾವುದು ಅಪವಾದ, ಯಾರ ಹಿತ, ಎಂದು ನಿರ್ಣಯಿಸುವವರು ಯಾರು? ಆಳುವವರೇ. ಬೀಗವನ್ನೂ ಹಾಕಿ ಕೀಲಿಕೈಯನ್ನೂ ಕಳ್ಳನ ಕೈಯಲ್ಲಿ ಕೊಟ್ಟಂತಾಯಿತು. ನಮ್ಮ ತಾಯ್ನಾಡಾದ ಕರ್ನಾಟಕವೂ 2012ರಲ್ಲಿ ತನ್ನ ಕಾಯಿದೆಯನ್ನು ತಿದ್ದಿಕೊಂಡಿತು. ಅಲ್ಲಿಯೂ ಹೊಸ ಸರಕಾರ ಬಂದೊಡನೆ ಪತ್ರಿಕೆಗಳಲ್ಲಿ ಮೊದಲು ಬರುವ ಸುದ್ದಿ ವರ್ಗಾವಣೆಯ ಪಟ್ಟಿಯೇ. ಪಕ್ಷ ಯಾವುದಾದರೇನು? ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಒಕ್ಕಲು.

ಇದು ಉತ್ತರದವರು ತಂದ ಹೊಸ ಹುಚ್ಚೆಂದು ಯಾರೂ ಭಾವಿಸಬೇಕಾಗಿಲ್ಲ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೋಲೀಸ್ ಆಯೋಗದ ಅಧ್ಯಕ್ಷರು ಧರ್ಮವೀರ. 1969ರಿಂದ 1972ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆ ಆಯೋಗ 1979ರಿಂದ 1981ರವರೆಗೆ ಎಂಟು ವರದಿಗಳನ್ನು ಕೊಟ್ಟಿತು. ಭದ್ರತಾ ಆಯೋಗದ ಕಲ್ಪನೆ ಅಲ್ಲಿಯದೇ. ದೇಶದಲ್ಲಾಗುವ ದಸ್ತಗಿರಿಗಳಲ್ಲಿ ನೂರಕ್ಕೆ ಸುಮಾರು 60 ಅನಗತ್ಯ ಇಲ್ಲವೆ ಅಸಮರ್ಥನೀಯ ಎಂದು ಅದರ ಮೂರನೆಯ ವರದಿ ಹೇಳಿತು. 1998ರಲ್ಲಿ ಈ ವಿಷಯವನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರು, ಮುಂಬಯಿಯ ಕಮೀಷನರರಾಗಿದ್ದ ಜೂಲಿಯೊ ರಿಬೇರೊ. 2003ರಲ್ಲಿ ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಯ ಕುರಿತು ವರದಿ ಕೊಟ್ಟವರು ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರು. ವರದಿಗಳಿಗೆ ಬಡತನವಿಲ್ಲ. ಬೀರುವಿನಲ್ಲಿ ಧೂಳಿಗೂ ಬಡತನವಿಲ್ಲ.

ಇಷ್ಟಾದರೂ ಇದು ದೊಡ್ಡವರ ವಿಷಯ, ನಮ್ಮಂಥ ಹೊಟ್ಟೆಪಾಡಿನವರಿಗೇನು ಎನ್ನುವವರಿಗೆ ನಮ್ಮ ಬಳಗದಲ್ಲೇ ನಡೆದ ಒಂದು ಸಂಗತಿ ಹೇಳುತ್ತೇವೆ. ಬಹಳ ವರ್ಷಗಳಾದುವು; ಊರಿನ ಹೆಸರೂ ಠಾಣೆಯ ಹೆಸರೂ ಬೇಡ. ನಮ್ಮವರೊಬ್ಬರ ಹೋಟೆಲಿನಲ್ಲಿ ಗಲ್ಲೆಯ ಹಣ ಕಡಿಮೆ ಬಿತ್ತು. ಸಂಶಯ ಹೊತ್ತವನು ತಟ್ಟೆ ತೊಳೆಯುತ್ತ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗ. ಠಾಣೆಗೆ ಒಯ್ದರು; ಎರಡು ರಾತ್ರಿ ಇಟ್ಟುಕೊಂಡರು. ಪಂಚನಾಮೆಯಿಲ್ಲ, ಫಿರ್ಯಾದಿಯಿಲ್ಲ, ದಸ್ತಗಿರಿಯ ದಾಖಲೆಯಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಮೂರನೆಯ ದಿನ ಲೆಕ್ಕದ ತಪ್ಪು ಸಿಕ್ಕಿತು. ಧನಿಗಳು ಪರಿಚಯದ ಫೌಜದಾರರೊಬ್ಬರಿಗೆ ಹೇಳಿಸಿ ಹುಡುಗನನ್ನು ಬಿಡಿಸಿ ತಂದರು. ಅಂದು ಸಂಜೆ ನಾವೆಲ್ಲ ಧನಿಗಳ ವಶೀಲಿಯನ್ನು ಕೊಂಡಾಡಿದೆವು. ಅಂಗಾಲು ಊರಲಾಗದೆ ಗೋಡೆಗೊರಗಿ ಕೂತ ಹುಡುಗನನ್ನು, ದೂರು ಕೊಡುತ್ತೀಯಾ ಎಂದು ಒಬ್ಬರೂ ಕೇಳಲಿಲ್ಲ. ಅವನು ಊರಿಗೆ ಹೋದ, ಮರಳಿ ಬರಲಿಲ್ಲ. ಅವನ ರಾತ್ರಿಶಾಲೆಯ ಪುಸ್ತಕಗಳು ಎಷ್ಟೋ ದಿನ ಹೋಟೆಲಿನ ಅಟ್ಟದ ಮೇಲಿದ್ದುವು.

ಆ ಹುಡುಗನಿಗೆ ಬೇಕಾಗಿದ್ದುದು ಒಬ್ಬ ಸಾಂಗ್ಲಿಯಾನ ಅಲ್ಲ. ಅವನಿಗೆ ಬೇಕಾಗಿದ್ದುದು ಹೊಡೆದವನ ಮೇಲೆ ದೂರು ಕೊಡಲು ಠಾಣೆಯ ಹೊರಗೆ ಒಂದು ಬಾಗಿಲು. ಪ್ರಕಾಶ್ ಸಿಂಗ್ ಅವರ ಅರ್ಜಿ ತೆರೆದದ್ದು ಅಂಥ ಬಾಗಿಲನ್ನು. ಇಂದು ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ರಾಜ್ಯಮಟ್ಟದ ಪೋಲೀಸ್ ದೂರು ಪ್ರಾಧಿಕಾರಗಳಿವೆ. ನಮ್ಮಲ್ಲಿ ಎಷ್ಟು ಜನರಿಗೆ ಅದರ ವಿಳಾಸ ಗೊತ್ತು?

ಈಗ ಎದುರಾಳಿಗಳ ಮಾತು. ‘ಚುನಾಯಿತ ಸರಕಾರದ ಹಿಡಿತ ತಪ್ಪಿದರೆ ಪೋಲೀಸರು ಲಂಗುಲಗಾಮಿಲ್ಲದ ಕುದುರೆಯಾಗುವುದಿಲ್ಲವೇ?’ ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತೀರ್ಪನ್ನು ಓದಿದವರು ಹೀಗೆ ಕೇಳಲಾರರು. ಭದ್ರತಾ ಆಯೋಗದ ಅಧ್ಯಕ್ಷತೆ ಮುಖ್ಯಮಂತ್ರಿಯದೋ ಗೃಹಮಂತ್ರಿಯದೋ ಆಗಿರುತ್ತದೆ. ಚುನಾಯಿತರನ್ನು ಯಾರೂ ಹೊರಗಿಟ್ಟಿಲ್ಲ. ಬಾಗಿಲು ಮುಚ್ಚಿ ಕಿವಿಯಲ್ಲಿ ಹೇಳುವುದನ್ನು ನಾಲ್ಕು ಜನರ ಮುಂದೆ ಕಾಗದದ ಮೇಲೆ ಹೇಳಿರೆಂದಷ್ಟೇ ಕೋರ್ಟು ಕೇಳಿತು. ಇತ್ತ ದೂರು ಪ್ರಾಧಿಕಾರ ಪೋಲೀಸರಿಗೇ ಮೂಗುದಾರ. ಅತ್ತ ಮಂತ್ರಿಯ ಕೈಯಿಂದ ರಕ್ಷಣೆ, ಇತ್ತ ಪ್ರಜೆಗೆ ಪೋಲೀಸರಿಂದ ರಕ್ಷಣೆ. ಇವೆರಡೂ ಬಂಡಿಯ ಎರಡು ಗಾಲಿಗಳು. ಒಂದನ್ನು ಕಿತ್ತು ಇನ್ನೊಂದನ್ನು ಇಟ್ಟುಕೊಳ್ಳುವವರನ್ನು ನಾವು ಒಪ್ಪುವುದಿಲ್ಲ. ಪ್ರಕಾಶ್ ಸಿಂಗ್ ಕೂಡ ತಮ್ಮ ಇಲಾಖೆಯವರನ್ನು ತಲೆಯ ಮೇಲೆ ಹೊತ್ತವರಲ್ಲ. 2016ರಲ್ಲಿ ಹರಿಯಾಣದ ಜಾಟ್ ಮೀಸಲಾತಿ ಗಲಭೆಯ ಕಾಲದಲ್ಲಿ ಅಧಿಕಾರಿಗಳ ನಡವಳಿಕೆಯನ್ನು ತನಿಖೆ ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರು; ಅದರ ವರದಿ ಪೋಲೀಸ್ ಅಧಿಕಾರಿಗಳ ಕರ್ತವ್ಯಲೋಪವನ್ನು ಮುಚ್ಚಿಡಲಿಲ್ಲ.

ಇನ್ನು ಬಡ ಪೇದೆಯನ್ನೂ ಮರೆಯಲಾಗದು. 1982ರ ಆಗಸ್ಟಿನಲ್ಲಿ ಮುಂಬಯಿಯ ಪೋಲೀಸರೇ ಬಂಡೆದ್ದು ಬೀದಿಗಿಳಿದದ್ದನ್ನು ನಮ್ಮ ಹಿರಿಯ ವಾಚಕರು ಕಣ್ಣಾರೆ ಕಂಡಿದ್ದಾರೆ. 2016ರ ಜೂನ್‌ನಲ್ಲಿ ಕರ್ನಾಟಕದ ಪೋಲೀಸರು ಸಾಮೂಹಿಕ ರಜೆ ಹಾಕುವೆವೆಂದು ಹೊರಟಿದ್ದರು. ರಜೆಯಿಲ್ಲದ ದುಡಿಮೆ, ಮೇಲಿನವರ ಬೈಗುಳ, ಇಕ್ಕಟ್ಟಿನ ವಸತಿ: ಇವುಗಳ ಸಿಟ್ಟು ಕೊನೆಗೆ ಇಳಿಯುವುದು ಯಾರ ಬೆನ್ನ ಮೇಲೆ? ತಟ್ಟೆ ತೊಳೆಯುವ ಹುಡುಗನ ಅಂಗಾಲಿನ ಮೇಲೆ. ಪೇದೆಯ ಸಂಕಟವೂ ಪ್ರಜೆಯ ಸಂಕಟವೂ ಒಂದೇ ಬಳ್ಳಿಯ ಕಾಯಿಗಳು.

ಕೊನೆಯದಾಗಿ ನಮ್ಮವರದೇ ಒಂದು ವಾದ: ‘ನಾವು ಹೊರನಾಡಿನವರು, ಹೊಟ್ಟೆಗಾಗಿ ಬಂದವರು, ಇಲ್ಲಿಯ ಸರಕಾರದ ತಂಟೆ ನಮಗೇಕೆ?’ ನಾವು ಇದನ್ನು ಒಪ್ಪುವುದಿಲ್ಲ. ಪರವೂರಿನಲ್ಲಿ ಬಾಳುವವನಿಗೇ ಕಾಯಿದೆ ಹೆಚ್ಚು ಬೇಕು. ಊರಿನವನಿಗೆ ಜಾತಿಯಿದೆ, ನಂಟರಿದ್ದಾರೆ, ಪಟೇಲರಿದ್ದಾರೆ. ಭಾಷೆ ತೊದಲುವ ವಲಸಿಗನಿಗೆ ಇರುವುದು ಕಾಯಿದೆಯೊಂದೇ. ವಶೀಲಿ ಉಳ್ಳವನು ವಶೀಲಿಯಿಂದ ಬದುಕುತ್ತಾನೆ. ಆದರೆ ಹತ್ತು ಜನ ವಶೀಲಿಯಿಂದ ಬದುಕಿದಲ್ಲಿ ಹನ್ನೊಂದನೆಯವನು ಸಾಯುತ್ತಾನೆ. ಆ ಹನ್ನೊಂದನೆಯವನು ನಿನ್ನೆಯಷ್ಟೇ ಊರಿನಿಂದ ಬಸ್ಸಿಳಿದ ನಮ್ಮ ಹುಡುಗನೇ ಆಗಿರುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕ್ರಾಂತಿಯೇನೂ ಬೇಡ. ನಮ್ಮ ಸಂಘಗಳ ಮಹಾಸಭೆಯಲ್ಲಿ ಒಂದು ಗೊತ್ತುವಳಿಯಾಗಲಿ: 2006ರ ಆದೇಶಗಳನ್ನು ಅಕ್ಷರಶಃ ಪಾಲಿಸಿರೆಂದು. ಚುನಾವಣೆಯ ಕಾಲದಲ್ಲಿ ಭವನಕ್ಕೆ ನಿವೇಶನ ಕೇಳುವಾಗ, ಉಮೇದುವಾರನಿಗೆ ಈ ಪ್ರಶ್ನೆಯನ್ನೂ ಕೇಳೋಣ. ಸಂಘದ ಸೂಚನಾ ಫಲಕದಲ್ಲಿ ದೂರು ಪ್ರಾಧಿಕಾರದ ವಿಳಾಸ ಬರೆದಿಡೋಣ. ವಾರಕ್ಕೊಂದು ಸಂಜೆ ನಮ್ಮ ವಕೀಲ ಮಿತ್ರರು ಒಂದು ಗಂಟೆ ಕುಳಿತು ಫಿರ್ಯಾದಿ ಬರೆದುಕೊಡಲಿ. ಸಂಜ್ಞೇಯ ಅಪರಾಧದ ಸುದ್ದಿ ಕೊಟ್ಟರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಅದರ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ, ‘ಇದು ನಮ್ಮ ಹದ್ದಿಗೆ ಬರುವುದಿಲ್ಲ’ ಎಂದು ಯಾವ ಠಾಣೆಯೂ ತಿರುಗಿಸಿ ಕಳಿಸುವಂತಿಲ್ಲ. ಇಷ್ಟನ್ನು ನಮ್ಮ ಮನೆಯ ಹೆಂಗಸರೂ ಮಕ್ಕಳೂ ಕಲಿತರೆ ಸಾಕು, ವಶೀಲಿಯ ಅರ್ಧ ವ್ಯಾಪಾರ ಮುಚ್ಚುತ್ತದೆ.

ಶಾಲು ಹೊದಿಸುವುದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಒಳ್ಳೆಯವರನ್ನು ಗೌರವಿಸುವುದು ನಮ್ಮ ಸಂಸ್ಕೃತಿ. ಆದರೆ ಮುಂದಿನ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದ ಮೇಲೆ ಆ ಅಧಿಕಾರಿಯನ್ನು ವಿನಯದಿಂದ ಒಂದು ಮಾತು ಕೇಳೋಣ: ‘ಸ್ವಾಮೀ, ನೀವು ವರ್ಗವಾಗಿ ಹೋದ ಮರುದಿನ ನಮ್ಮ ಗತಿಯೇನು?’ ಪ್ರಕಾಶ್ ಸಿಂಗ್ ತಮ್ಮ ಬಾಳಿನುದ್ದಕ್ಕೂ ಕೇಳಿದ ಪ್ರಶ್ನೆ ಅದೇ. ಅದನ್ನು ಅವರೊಬ್ಬರೇ ಕೇಳುವಂತೆ ಬಿಟ್ಟ ತಪ್ಪು ನಮ್ಮದು.